ಅಕ್ಷಿಪಟಲ ವೈದ್ಯವಿದ್ಯೆಯ ಗುರುಪರಂಪರೆಯೂ ಕಲಬುರಗಿ ಸೀಮೆಯೂ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕುಗಳಲ್ಲಿ ಕಣ್ಣು ಮಂಜಾದ ವೃದ್ಧರನ್ನು "ದವಾಖಾನೆಗೆ ಏಕೆ ಹೋಗಲಿಲ್ಲ?" ಎಂದು ಕೇಳಿದರೆ ಬರುವ ಉತ್ತರವು ಬಹುಮಟ್ಟಿಗೆ ಒಂದೇ ಆಗಿರುವದು: "ಪೊರೆ ಇನ್ನ ಬಲತಿಲ್ಲರಿ." ಈ ಮಾತು ಕೇವಲ ಅಜ್ಞಾನದಿಂದ ಹುಟ್ಟಿದ್ದೆಂದು ತಿಳಿಯಲಾಗದು. ಒಂದು ಕಾಲಕ್ಕೆ ವೈದ್ಯರೇ ಜನಕ್ಕೆ ಕಲಿಸಿಕೊಟ್ಟ ಮಾತು ಅದು. ಪೊರೆಯು ಪೂರ್ಣವಾಗಿ ಬಲಿತು ಗಟ್ಟಿಯಾದ ಮೇಲೆಯೇ ಅದನ್ನು ತೆಗೆಯುವದು ಸುಲಭವೂ ನಿರಪಾಯಕರವೂ ಆಗಿದ್ದ ದಿನಗಳಲ್ಲಿ, ಕಾಯುವದೇ ರೋಗಿಯ ಧರ್ಮವಾಗಿತ್ತು. ಶಸ್ತ್ರಕ್ರಿಯೆಯು ಮುಂದುವರಿದು, ಕಣ್ಣಿನೊಳಗೇ ಕೃತಕ ಮಸೂರವನ್ನು ಇಡುವ ಪದ್ಧತಿಯು ಬಂದ ಮೇಲೆ ಆ ನಿಯಮವು ಬಿದ್ದುಹೋಯಿತು. ಆದರೆ ಹಳ್ಳಿಯಲ್ಲಿ ಮಾತು ಉಳಿದುಕೊಂಡಿತು. ಈಗ ಆ ಮಾತಿನ ಮರೆಯಲ್ಲಿ ಬೇರೊಂದು ಕುರುಡುತನವು ಮನೆಮನೆಗಳಲ್ಲಿ ಸದ್ದಿಲ್ಲದೆ ಬಲಿಯುತ್ತಿರುವದು.

ಪೊರೆಯ ಶಸ್ತ್ರಕ್ರಿಯೆಗೆ ಕರ್ನಾಟಕದಲ್ಲಿ ದೊರೆತ ಕೀರ್ತಿಗೆ ಕಾರಣಪುರುಷರು ಡಾ॥ ಮುರುಗಪ್ಪ ಚನ್ನವೀರಪ್ಪ ಮೋದಿಯವರು. ೧೯೧೬ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಇವರು ರೋಗಿಯು ದವಾಖಾನೆಗೆ ಬರುವದನ್ನು ಕಾಯದೆ ದವಾಖಾನೆಯನ್ನೇ ರೋಗಿಯ ಊರಿಗೆ ಒಯ್ದರು. ಶಾಲೆಯ ಕೋಣೆ, ಗುಡಿಯ ಪೌಳಿ, ಮಠದ ಅಂಗಳ, ಹಾಕಿದ ಹಂದರ, ಇವೇ ಅವರ ಶಸ್ತ್ರಶಾಲೆಗಳಾದವು. ಒಂದೇ ದಿನದಲ್ಲಿ ೮೩೩ ಜನರ ಪೊರೆ ತೆಗೆದುದು ಗಿನ್ನೆಸ್ ದಾಖಲೆಯಲ್ಲಿ ಸೇರಿತು. ೧೯೫೬ರಲ್ಲಿ ಪದ್ಮಶ್ರೀ, ೧೯೬೮ರಲ್ಲಿ ಪದ್ಮಭೂಷಣ ಪದವಿಗಳು ಅವರಿಗೆ ಬಂದವು. ೨೦೦೫ರಲ್ಲಿ ಅವರು ತೀರಿಕೊಂಡರು. ಊರವರು ಅನ್ನದ ವ್ಯವಸ್ಥೆ ಮಾಡುವದು, ತರುಣರು ರೋಗಿಗಳನ್ನು ಕೈಹಿಡಿದು ನಡೆಸುವದು, ಪಟ್ಟಿ ಬಿಚ್ಚಿದ ದಿನ ಮುದುಕಿಯು ಮೊಮ್ಮಗನ ಮೋರೆಯನ್ನು ನೋಡಿ ಅಳುವದು, ಈ ದೃಶ್ಯವು ಎರಡು ತಲೆಮಾರಿನ ಜನರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ಕಣ್ಣಿನ ವೈದ್ಯವೆಂದರೆ ಇದೇ, ಎಂದಾದರೂ ಒಂದು ದಿನ ಶಿಬಿರವಾಗುವದು, ಅಂದು ಕಣ್ಣು ಬರುವದು ಎಂಬ ಭಾವನೆಯೂ ಅದರ ಸಂಗಡವೇ ನಿಂತಿತು. ಮೋದಿಯವರ ಪುಣ್ಯಕಾರ್ಯಕ್ಕೆ ಇದರಿಂದ ಯಾವ ನ್ಯೂನತೆಯೂ ಬರುವದಿಲ್ಲ. ಶಿಬಿರದಲ್ಲಿ ಗುಣವಾಗತಕ್ಕ ಕುರುಡನ್ನು ಅವರು ಗುಣಪಡಿಸಿದರು. ಶಿಬಿರದಲ್ಲಿ ಗುಣವಾಗದ ಕುರುಡೊಂದಿರುವದೆಂಬ ಸಂಗತಿಯು ಮಾತ್ರ ಜನಕ್ಕೆ ತಿಳಿಯದೆ ಉಳಿಯಿತು.

ಕಣ್ಣನ್ನು ಒಂದು ಕೋಣೆಗೆ ಹೋಲಿಸಿದರೆ ಪೊರೆಯು ಕಿಟಕಿಯ ಗಾಜಿಗೆ ಹಿಡಿದ ಮಬ್ಬು. ಗಾಜನ್ನು ಬದಲಿಸಿದರೆ ಬೆಳಕು ಮತ್ತೆ ಒಳಗೆ ಬರುವದು. ಆದರೆ ಕೋಣೆಯ ಹಿಂದಿನ ಗೋಡೆಗೆ ಒಳಮೈಯಾಗಿ ಅಂಟಿಕೊಂಡ, ಒಂದು ಮಿಲಿಮೀಟರಿನ ಕಾಲುಭಾಗದಷ್ಟೇ ದಪ್ಪವಾದ ಒಂದು ಪದರವಿರುವದು. ಬೆಳಕನ್ನು ಗ್ರಹಿಸಿ ಮಿದುಳಿಗೆ ಕಳಿಸುವ ಈ ಪದರಕ್ಕೆ ಅಕ್ಷಿಪಟಲವೆಂದು ಹೆಸರು. ವೈದ್ಯರ ರೂಢಿಯಲ್ಲಿ ಅದು ರೆಟಿನಾ. ಅದರ ಮುಂದಿನ ಪೊಳ್ಳಿನಲ್ಲಿ ತತ್ತಿಯ ಬಿಳಿಭಾಗದಂಥ ತಿಳಿಯಾದ ರಸವು ತುಂಬಿಕೊಂಡಿರುವದು. ಸಕ್ಕರೆಯ ರೋಗವು ಈ ಪಟಲದ ಸೂಕ್ಷ್ಮ ರಕ್ತನಾಳಗಳನ್ನು ಸೋರಿಸುವದು, ಮುಚ್ಚುವದು, ಕಡೆಗೆ ಹೊಸ ದುರ್ಬಲ ನಾಳಗಳನ್ನು ಹುಟ್ಟಿಸಿ ರಕ್ತ ಸುರಿಸುವದು. ವಯಸ್ಸಾದವರಲ್ಲಿಯೂ, ದೂರದೃಷ್ಟಿ ಮಂದವಾದವರಲ್ಲಿಯೂ, ಪೆಟ್ಟು ಬಿದ್ದವರಲ್ಲಿಯೂ ಪಟಲವು ಹರಿದು, ಗೋಡೆಗೆ ಹಚ್ಚಿದ ಕಾಗದವು ಹಸಿಯಾಗಿ ಕಳಚಿಬೀಳುವಂತೆ ಕಳಚುವದು. ಇವುಗಳಲ್ಲಿ ಯಾವುದಕ್ಕೂ ನೋವಿಲ್ಲ. ಕಣ್ಣು ಕೆಂಪಾಗುವದಿಲ್ಲ, ನೀರು ಸುರಿಯುವದಿಲ್ಲ, ಹೊರಗಿನಿಂದ ನೋಡಿದವರಿಗೆ ಕಣ್ಣು ಬೆಳ್ಳಗೆ ಸ್ವಚ್ಛವಾಗಿಯೇ ಕಾಣುವದು. ಕಾದರೆ ಪೊರೆಯು ಬಲಿಯುವದು. ಕಾದರೆ ಪಟಲವು ಸಾಯುವದು. ಸತ್ತ ಪಟಲವನ್ನು ಬದಲಿಸುವ ವಿದ್ಯೆಯು ಇನ್ನೂ ಯಾರ ಕೈಗೂ ಬಂದಿಲ್ಲ.

ಪ್ರಾಚೀನರು ಈ ವಿಷಯದಲ್ಲಿ ಏನು ಹೇಳಿರುವರೆಂಬುದನ್ನು ತಿಳಿಯುವ ಕುತೂಹಲವು ಪಾಠಶಾಲೆಯ ಸಂಸ್ಕಾರವುಳ್ಳವರಿಗೆ ಸಹಜವಾಗಿಯೇ ಇರುವದು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ನೇತ್ರರೋಗಗಳು ೭೬ ಎಂದು ಎಣಿಸಲ್ಪಟ್ಟಿವೆ. ದೋಷವು ಒಂದೊಂದೇ ಪಟಲವನ್ನು ಹೊಕ್ಕು ನಾಲ್ಕನೆಯದನ್ನು ಸೇರಿದಾಗ ದೃಷ್ಟಿಯು ಸರ್ವಥಾ ನಿರುದ್ಧವಾಗುವದು. ಆ ಸ್ಥಿತಿಗೆ ಲಿಂಗನಾಶವೆಂದು ಹೆಸರು. ಇಲ್ಲಿ ಲಿಂಗವೆಂದರೆ ನೋಡುವ ಇಂದ್ರಿಯಶಕ್ತಿಯೆಂದು ವ್ಯಾಖ್ಯಾನಿಸಬೇಕು. ಶಬ್ದಸಾಮ್ಯವನ್ನು ಕಂಡು ಬೇರೆ ಅರ್ಥ ಮಾಡುವದು ತರವಲ್ಲ. ಕಫಜ ಲಿಂಗನಾಶವೊಂದಕ್ಕೆ ಮಾತ್ರ, ಜವೆಗೋದಿಯ ತುದಿಯಂಥ ಮೊನೆಯುಳ್ಳ ಶಲಾಕೆಯಿಂದ ಶಸ್ತ್ರಕ್ರಿಯೆಯನ್ನು ಆಚಾರ್ಯನು ವಿಧಿಸಿದನು. ಕ್ರಿಯೆಯಾದ ಮೇಲೆ ರೋಗಿಯು ಅಂಗಾತ ಮಲಗಬೇಕು. ತೇಗು, ಕೆಮ್ಮು, ಸೀನು, ಉಗುಳು, ನಡುಕಗಳನ್ನು ತಡೆಯಬೇಕು. ಈ 'ಪಟಲ'ಗಳಲ್ಲಿ ಒಂದು ಇಂದಿನ ರೆಟಿನಾ ಆಗಿರುವದೆಂದೂ, ಆದ್ದರಿಂದ ಎಲ್ಲವೂ ಮೊದಲೇ ತಿಳಿದಿತ್ತೆಂದೂ ಸಾಧಿಸಲು ಹೊರಡುವ ಉತ್ಸಾಹಿಗಳು ಇರುವರು. ಜೀವಂತ ಕಣ್ಣಿನ ಒಳಗೋಡೆಯನ್ನು ಕಾಣಿಸುವ ಉಪಕರಣವು ಅಂದು ಇರಲಿಲ್ಲ. ಕಾಣದಿದ್ದುದನ್ನು ಕಂಡನೆಂದು ಹೇಳಿದರೆ ಆಚಾರ್ಯನಿಗೆ ಗೌರವವು ಹೆಚ್ಚುವದಿಲ್ಲ.

ಆಚಾರ್ಯನ ಹಿರಿಮೆಯು ಬೇರೊಂದು ಕಡೆಗೆ ಇರುವದು. ಸೂತ್ರಸ್ಥಾನದ ಯೋಗ್ಯಾಸೂತ್ರೀಯವೆಂಬ ಅಧ್ಯಾಯದಲ್ಲಿ, ಶಾಸ್ತ್ರವನ್ನೆಲ್ಲ ಓದಿದ್ದರೂ ಕೈಯಭ್ಯಾಸವಿಲ್ಲದವನು ಕ್ರಿಯೆಗೆ ಅಯೋಗ್ಯನೆಂದು ಅವನು ಸ್ಪಷ್ಟವಾಗಿ ಹೇಳಿರುವನು. ಕೊಯ್ಯುವದನ್ನು ಬೂದುಗುಂಬಳ, ಸೋರೆ, ಕಲ್ಲಂಗಡಿ, ಸೌತೆಗಳಲ್ಲಿ ಕಲಿಯಬೇಕು; ಸೀಳುವದನ್ನು ನೀರು ಕೆಸರು ತುಂಬಿದ ಚರ್ಮದ ಚೀಲದಲ್ಲಿ; ಚುಚ್ಚುವದನ್ನು ಸತ್ತ ಪಶುವಿನ ನಾಳದಲ್ಲಿಯೂ ತಾವರೆಯ ದಂಟಿನಲ್ಲಿಯೂ; ಹೊಲಿಯುವದನ್ನು ದಪ್ಪ ಬಟ್ಟೆ, ಮೆತ್ತನ್ನ ತೊಗಲುಗಳ ಅಂಚಿನಲ್ಲಿ; ಪಟ್ಟಿ ಕಟ್ಟುವದನ್ನು ಮನುಷ್ಯಾಕಾರದ ಬೊಂಬೆಯ ಮೇಲೆ. ರೋಗಿಯ ದೇಹವು ಶಿಷ್ಯನ ಮೊದಲ ಪಾಠದ ಹಲಗೆಯಾಗಬಾರದೆಂಬುದೇ ಇದರ ತಾತ್ಪರ್ಯ. ಅಕ್ಷಿಪಟಲದ ವಿದ್ಯೆಯು ಪಾಶ್ಚಾತ್ಯದೇಶಗಳಲ್ಲಿ ಬೆಳೆದ ಬಗೆಯನ್ನು ನೋಡಿದರೆ ಈ ಮಾತಿನ ಬೆಲೆಯು ಗೊತ್ತಾಗುವದು.

೧೮೫೧ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸನು ಕಣ್ಣಿನ ಒಳಗನ್ನು ನೋಡುವ ಕನ್ನಡಿಯನ್ನು ಪ್ರಕಟಿಸಿದನು. ಆ ವರೆಗೆ ವೈದ್ಯನಿಗೆ ರೋಗಿಯ ಕಪ್ಪುಗುಡ್ಡೆಯ ಆಚೆಗೆ ಕತ್ತಲೆಯಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ನೋಡುವದಕ್ಕೆ ಬಂದಿತಾದರೂ ಮಾಡುವದಕ್ಕೆ ಬರಲಿಲ್ಲ. ೧೯೧೨ರಲ್ಲಿ ವೇಲ್ ಎಂಬ ಅಮೇರಿಕನ್ ವೈದ್ಯನು ತನ್ನ ಸಮವ್ಯವಸಾಯಿಗಳನ್ನು ವಿಚಾರಿಸಲಾಗಿ, ಕಳಚಿದ ಪಟಲವು ಗುಣವಾದುದು ಸಾವಿರಕ್ಕೆ ಒಂದರಂತೆ ಎಂದು ತಿಳಿದುಬಂದಿತು. ಸ್ವಿಟ್ಜರ್ಲೆಂಡಿನ ಲೋಸಾನ್ ಪಟ್ಟಣದ ಜೂಲ್ಸ್ ಗೊನೆನನು, ಪಟಲವು ಕಳಚುವದಕ್ಕೆ ಅದರಲ್ಲಿ ಬಿದ್ದ ಹರುಕೇ ಕಾರಣ, ಆ ಹರುಕನ್ನು ಹುಡುಕಿ ಮುಚ್ಚಿದರೆ ಪಟಲವು ಮತ್ತೆ ಕೂಡಿಕೊಳ್ಳುವದು ಎಂದು ಸಾರಿದನು. ಹರುಕಿನ ನೇರಕ್ಕೆ ಕಣ್ಣಿನ ಹೊರಗೋಡೆಯಲ್ಲಿ ರಂಧ್ರ ಮಾಡಿ ಕಾಯಿಸಿದ ಶಲಾಕೆಯಿಂದ ಸುಡುವದು ಅವನ ಕ್ರಮ. ಹಲವು ವರ್ಷ ಅವನ ಮಾತನ್ನು ಯಾರೂ ಒಪ್ಪಲಿಲ್ಲ. ೧೯೨೯ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಕೂಡಿದ ಅಂತರರಾಷ್ಟ್ರೀಯ ನೇತ್ರವೈದ್ಯರ ಸಭೆಯು ಅದನ್ನು ಮನ್ನಿಸಿತು. ಗೊನೆನನ ಶಿಷ್ಯನಾದ ಆಮ್ಸ್ಲರನು ಹರುಕಿನ ಸ್ಥಾನವನ್ನು ತಪ್ಪದೆ ಗುರುತಿಸಲು ಪಟಲದ ನಕಾಶೆಯನ್ನು ಸಿದ್ಧಪಡಿಸಿದನು. ಈ ವಿದ್ಯೆಯನ್ನು ಕಲಿಯುವವರು ಆ ಬಗೆಯ ನಕಾಶೆಯ ಮೇಲೆಯೇ ಇಂದಿಗೂ ಬರೆಯುವರು.

ಆದರೆ ಇದು ವಿದ್ಯೆಯಾಗಿ, ಅಂದರೆ ಗುರುವಿನಿಂದ ಶಿಷ್ಯನಿಗೆ ಕ್ರಮವಾಗಿ ಹರಿಯುವ ಪಾಠವಾಗಿ ನೆಲೆಗೊಂಡುದು ಚಾರ್ಲ್ಸ್ ಶೆಪೆನ್ಸನಿಂದ. ೧೯೧೨ರಲ್ಲಿ ಬೆಲ್ಜಿಯಮ್ ದೇಶದಲ್ಲಿ ಹುಟ್ಟಿದ ಇವನ ಜೀವಿತವು ಕಥೆಯಂತೆ ಇರುವದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರಿಂದ ತಪ್ಪಿಸಿಕೊಂಡು, ಹೆಸರು ಮರೆಸಿಕೊಂಡು, ಫ್ರಾನ್ಸಿನ ಗಡಿಯ ಗುಡ್ಡಗಾಡಿನಲ್ಲಿ ಕಟ್ಟಿಗೆಯ ಕಾರಖಾನೆ ನಡೆಸುವ ನೆವದಿಂದ ನೂರಕ್ಕೂ ಹೆಚ್ಚು ಜನರನ್ನು ಸ್ಪೇನಿಗೆ ದಾಟಿಸಿದನು. ಯುದ್ಧದ ಕೊನೆಗೆ ಲಂಡನ್ನಿನಲ್ಲಿ, ತಲೆಗೆ ಕಟ್ಟಿಕೊಂಡು ಎರಡೂ ಕಣ್ಣುಗಳಿಂದ ನೋಡತಕ್ಕ ದೀಪದ ಉಪಕರಣವನ್ನು ರಚಿಸಿದನು. ೧೯೪೭ರಲ್ಲಿ ಬೋಸ್ಟನ್ನಿಗೆ ಹೋಗಿ ಅಲ್ಲಿಯ ನೇತ್ರಾಸ್ಪತ್ರೆಯಲ್ಲಿ ಪಟಲರೋಗಗಳಿಗೆಂದೇ ಪ್ರತ್ಯೇಕ ವಿಭಾಗವನ್ನು ಸ್ಥಾಪಿಸಿದನು. ಸಾಮಾನ್ಯ ನೇತ್ರವೈದ್ಯವನ್ನು ಕಲಿತು ಮುಗಿಸಿದವನು ಮತ್ತೆ ಶಿಷ್ಯನಾಗಿ ಬಂದು, ವರುಷಗಟ್ಟಲೆ ಒಬ್ಬ ಗುರುವಿನ ಪಕ್ಕದಲ್ಲಿ ನಿಂತು ಈ ಒಂದೇ ಪದರದ ರೋಗಗಳನ್ನು ಅಭ್ಯಾಸ ಮಾಡುವ ಪದ್ಧತಿಯು ಇಲ್ಲಿ ಬೇರೂರಿತು. ಇಂದು 'ಫೆಲೋಶಿಪ್' ಎಂದು ಕರೆಯಲ್ಪಡುವ ಉನ್ನತ ಶಿಕ್ಷಣವು ಇದೇ.

ಇನ್ನೆರಡು ಸಂಗತಿಗಳನ್ನು ಬಿಡಲಾಗದು. ೧೯೪೫ರ ಜುಲೈ ೯ರ ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿ ಪಟಲವನ್ನು ಸುಟ್ಟುಕೊಂಡ ರೋಗಿಯೊಬ್ಬನ ಕಣ್ಣನ್ನು ಪರೀಕ್ಷಿಸುತ್ತ ಜರ್ಮನಿಯ ಮೈಯರ್-ಶ್ವಿಕೆರಾಟನು, ಕೆಡಿಸುವ ಬೆಳಕೇ ಅಳತೆಯಲ್ಲಿದ್ದರೆ ಹರುಕನ್ನು ಬೆಸೆಯಬಹುದಲ್ಲವೇ ಎಂದು ಯೋಚಿಸಿದನು. ಮೊದಲು ಸೂರ್ಯನ ಬೆಳಕನ್ನೇ ಕನ್ನಡಿಗಳಿಂದ ಒಳತಂದು ಉಪಯೋಗಿಸಿದನು. ಇಂದಿನ ಲೇಸರ್ ಚಿಕಿತ್ಸೆಯ ಮೂಲವು ಇಲ್ಲಿರುವದು. ಸಕ್ಕರೆ ರೋಗಿಗಳ ಕಣ್ಣಿಗೆ ತಕ್ಕ ಕಾಲದಲ್ಲಿ ಈ ಬೆಳಕಿನ ಚಿಕಿತ್ಸೆ ಮಾಡಿದರೆ ತೀವ್ರ ದೃಷ್ಟಿನಾಶವು ಅರ್ಧಕ್ಕಿಂತಲೂ ಕಡಿಮೆಯಾಗುವದೆಂದು ೧೯೭೬ರಲ್ಲಿ ಅಮೇರಿಕದ ದೊಡ್ಡ ಸಂಶೋಧನೆಯೊಂದು ಸಿದ್ಧಪಡಿಸಿತು. ಎರಡನೆಯದು ರಾಬರ್ಟ್ ಮಾಖೆಮರನ ಸಾಹಸ. ಕಣ್ಣಿನೊಳಗಿನ ರಸವನ್ನು ಮುಟ್ಟಿದರೆ ಕಣ್ಣು ಹೋಯಿತೆಂದೇ ಎಲ್ಲರೂ ನಂಬಿದ್ದ ಕಾಲದಲ್ಲಿ ಅವನು ಕೋಳಿಯ ತತ್ತಿಗೆ ಸಣ್ಣ ರಂಧ್ರ ಮಾಡಿ, ತಾನೇ ಕಟ್ಟಿದ ಯಂತ್ರದಿಂದ ಒಳಗಿನ ಬಿಳಿಲೋಳೆಯನ್ನು ಕತ್ತರಿಸಿ ಹೀರುವದನ್ನು ಅಭ್ಯಾಸ ಮಾಡಿದನು. ೧೯೭೦ರಲ್ಲಿ ಮಯಾಮಿಯಲ್ಲಿ ಮನುಷ್ಯನ ಕಣ್ಣಿನಲ್ಲಿ ಅದನ್ನೇ ಮಾಡಿ ತೋರಿಸಿದನು. ಸೋರೆಕಾಯಿಯಿಂದ ತತ್ತಿಗೆ ಬಂದರೂ ಆಚಾರ್ಯನ ನಿಯಮವು ಕೆಡಲಿಲ್ಲ.

ಬೋಸ್ಟನ್ನಿನ ಧಾರೆಯು ಭಾರತಕ್ಕೆ ಹರಿದುದು ಮುಖ್ಯವಾಗಿ ಡಾ॥ ಎಸ್. ಎಸ್. ಬದರೀನಾಥರಿಂದ. ಶೆಪೆನ್ಸನ ಬಳಿಯಲ್ಲಿ ಕಲಿತು ೧೯೭೦ರಲ್ಲಿ ಸ್ವದೇಶಕ್ಕೆ ಮರಳಿದ ಅವರು ೧೯೭೮ರಲ್ಲಿ ಮದ್ರಾಸಿನಲ್ಲಿ ಶಂಕರ ನೇತ್ರಾಲಯವನ್ನು ಸ್ಥಾಪಿಸಿದರು. ೧೯೭೬ರಲ್ಲಿ ಡಾ॥ ಜಿ. ವೆಂಕಟಸ್ವಾಮಿಯವರು ಮಧುರೆಯಲ್ಲಿ ಆರಂಭಿಸಿದ ಅರವಿಂದ ಆಸ್ಪತ್ರೆ, ೧೯೮೭ರಲ್ಲಿ ಡಾ॥ ಗುಲ್ಲಪಲ್ಲಿ ನಾಗೇಶ್ವರರಾಯರು ಹೈದರಾಬಾದಿನಲ್ಲಿ ಕಟ್ಟಿದ ಎಲ್. ವಿ. ಪ್ರಸಾದ ಸಂಸ್ಥೆ ಇವುಗಳೂ ಪಟಲವಿದ್ಯೆಯ ಗುರುಕುಲಗಳಾದವು. ಕರ್ನಾಟಕದಲ್ಲಿ ೧೮೯೬ರಿಂದ ಬೆಂಗಳೂರಿನ ಮಿಂಟೋ ಆಸ್ಪತ್ರೆಯು ನೇತ್ರವೈದ್ಯದ ಹಿರಿಯ ಮನೆ. ೧೯೬೭ರಲ್ಲಿ ಹುಬ್ಬಳ್ಳಿಯಲ್ಲಿ ಡಾ॥ ಎಂ. ಎಂ. ಜೋಶಿಯವರ ಆಸ್ಪತ್ರೆಯೂ ೧೯೮೨ರಲ್ಲಿ ಬೆಂಗಳೂರಿನಲ್ಲಿ ಡಾ॥ ಕೆ. ಭುಜಂಗಶೆಟ್ಟಿಯವರ ನಾರಾಯಣ ನೇತ್ರಾಲಯವೂ ಹುಟ್ಟಿದವು.

ಈ ಗುರುಕುಲಗಳಲ್ಲಿ ಶಿಷ್ಯನು ಕಲಿಯುವದೇನು? ವೈದ್ಯಪದವಿಗೆ ಸೇವಾವರ್ಷವೂ ಸೇರಿ ಐದೂವರೆ ವರುಷ, ನೇತ್ರಶಾಸ್ತ್ರದಲ್ಲಿ ಎಂ. ಎಸ್. ಪದವಿಗೆ ಮೂರು ವರುಷ. ಅಷ್ಟಾದ ಮೇಲೆ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಪಟಲಶಸ್ತ್ರದ ಫೆಲೋಶಿಪ್ಪಿಗೆ ಮತ್ತೆರಡು ವರುಷ. ಒಟ್ಟು ಹತ್ತೂವರೆ. ಆದರೆ ವರುಷಗಳ ಎಣಿಕೆಯಿಂದ ಈ ಶಿಕ್ಷಣದ ಸ್ವರೂಪವು ತಿಳಿಯುವದಿಲ್ಲ. ಮೊದಲ ತಿಂಗಳುಗಳಲ್ಲಿ ಶಿಷ್ಯನಿಗೆ ಶಸ್ತ್ರವನ್ನು ಕೊಡುವದಿಲ್ಲ. ಬಣ್ಣದ ಪೆನ್ಸಿಲುಗಳನ್ನು ಕೊಡುವರು. ಶೆಪೆನ್ಸನ ದೀಪವನ್ನು ತಲೆಗೆ ಕಟ್ಟಿಕೊಂಡು, ಒಂದು ಕೈಯಲ್ಲಿ ಮಸೂರವನ್ನು ಹಿಡಿದು, ಮಲಗಿದ ರೋಗಿಯ ಕಣ್ಣಿನೊಳಗೆ ಅವನು ನೋಡಬೇಕು. ಕಾಣುವ ಬಿಂಬವು ತಲೆಕೆಳಗಾಗಿಯೂ ಎಡಬಲ ಅದಲುಬದಲಾಗಿಯೂ ಇರುವದು. ಅದಕ್ಕಾಗಿ ಕಾಗದವನ್ನು ರೋಗಿಯ ಎದೆಯ ಮೇಲೆ ತಲೆಕೆಳಗಾಗಿಯೇ ಇಟ್ಟು, ಕಂಡುದನ್ನು ಕಂಡಂತೆ ಬರೆಯುವರು. ಕೂಡಿಕೊಂಡ ಪಟಲಕ್ಕೆ ಕೆಂಪು, ಕಳಚಿದ್ದಕ್ಕೆ ನೀಲಿ, ಹರುಕಿಗೆ ನೀಲಿಯ ಅಂಚಿನೊಳಗೆ ಕೆಂಪು, ರಸದಲ್ಲಿಯ ಕದಡಿಗೆ ಹಸುರು. ಪಟಲದ ಅಂಚು ಸಹಜವಾಗಿ ಕಾಣುವದಿಲ್ಲ. ದರ್ಜಿಯ ಅಂಗುಸ್ತಾನದಂಥ ಸಾಧನವನ್ನು ಬೆರಳಿಗೆ ತೊಟ್ಟು ರೆಪ್ಪೆಯ ಮೇಲಿಂದ ಕಣ್ಣನ್ನು ಮೆಲ್ಲಗೆ ಒತ್ತಿ ಅಂಚನ್ನು ನೋಟಕ್ಕೆ ತಂದುಕೊಳ್ಳಬೇಕು. ಒತ್ತು ಹೆಚ್ಚಾದರೆ ರೋಗಿಯು ನರಳುವನು, ಕಡಿಮೆಯಾದರೆ ಹರುಕು ಕಾಣಿಸುವದಿಲ್ಲ. ಶಿಷ್ಯನು ಬರೆದ ಚಿತ್ರವನ್ನು ಗುರುವು ಹಿಡಿದುಕೊಂಡು ತಾನೂ ಅದೇ ಕಣ್ಣನ್ನು ನೋಡಿ, "ಇಲ್ಲಿ ಇನ್ನೊಂದು ಹರುಕುಂಟು, ನೀನು ಬಿಟ್ಟಿರುವಿ" ಎನ್ನುವನು. ಬಿಟ್ಟ ಹರುಕು ಒಂದೇ ಆದರೂ ಶಸ್ತ್ರಕ್ರಿಯೆಯು ಕೆಡುವದು. ಆದ್ದರಿಂದ ಈ ಚಿತ್ರವೇ ಪರೀಕ್ಷೆ. ಈಚೆಗೆ ಪಟಲದ ಪದರಪದರಗಳನ್ನು ಬೆಳಕಿನಿಂದ ಸೀಳಿ ತೋರಿಸುವ ಯಂತ್ರಗಳು ೧೯೯೧ರಿಂದ ಬಂದಿರುವವು, ಅವುಗಳ ಉಪಕಾರವು ದೊಡ್ಡದು. ಆದರೂ ಪೆನ್ಸಿಲಿನ ಪಾಠವನ್ನು ಬಿಟ್ಟುಕೊಡಲು ಹಿರಿಯ ಗುರುಗಳು ಒಪ್ಪುವದಿಲ್ಲ. ಅವರ ಹಟವು ಸರಿಯೆಂದೇ ತೋರುವದು, ಬರೆದವನು ನೋಡಿರಲೇಬೇಕು.

ಶಸ್ತ್ರದ ಪಾಠವು ಆ ಮೇಲೆ. ಕುರಿ ಮೇಕೆಗಳ ಸತ್ತ ಕಣ್ಣುಗಳಲ್ಲಿ ಮೊದಲ ಅಭ್ಯಾಸ. ಅನಂತರ ಗುರುವಿನ ಪಕ್ಕದಲ್ಲಿ ಸಹಾಯಕನಾಗಿ. ಅನಂತರ ಕ್ರಿಯೆಯ ಒಂದೊಂದೇ ಭಾಗವು ಅವನ ಕೈಗೆ. ಬಿಳಿಗುಡ್ಡೆಯಲ್ಲಿ ಮೂರು ಸಣ್ಣ ರಂಧ್ರಗಳು: ಒಂದರಿಂದ ನೀರು, ಒಂದರಿಂದ ಬೆಳಕು, ಒಂದರಿಂದ ಕತ್ತರಿಸುವ ಯಂತ್ರ. ಪಟಲದ ಮೇಲೆ ಬೆಳೆದ, ಕಣ್ಣಿಗೆ ಕಾಣುವದೇ ದುರ್ಲಭವಾದ ಪೊರೆಯನ್ನು ಚಿಮಟಿಗೆಯಿಂದ ಹಿಡಿದು ಸುಲಿಯುವಾಗ ಕೈಯು ಕೂದಲೆಳೆಯಷ್ಟು ಹೆಚ್ಚು ಇಳಿದರೆ ಪಟಲವೇ ಹರಿಯುವದು. ಕಡೆಗೆ ಒಳಗೆ ಅನಿಲವನ್ನೋ ಸಿಲಿಕೋನ್ ಎಣ್ಣೆಯನ್ನೋ ತುಂಬಿ ಪಟಲವನ್ನು ಗೋಡೆಗೆ ಒತ್ತಿ ನಿಲ್ಲಿಸುವರು. ಅನಿಲವು ಮೇಲಕ್ಕೆ ಏರುವ ಸ್ವಭಾವದ್ದಾದ್ದರಿಂದ ರೋಗಿಯು ಬಹಳ ವೇಳೆ ದಿನಗಟ್ಟಲೆ ಮೋರೆ ಕೆಳಗೆ ಮಾಡಿ ಮಲಗಬೇಕಾಗುವದು. ಅಂಗಾತ ಮಲಗೆಂದು ಸುಶ್ರುತನು ಹೇಳಿದನು, ಬೋರಲು ಮಲಗೆಂದು ಇಂದಿನವರು ಹೇಳುವರು. ರೋಗಿಯ ತಪಸ್ಸು ಮಾತ್ರ ಎರಡೂ ಕಡೆಗೆ ಒಂದೇ.

ಇನ್ನು ಕಲಬುರಗಿ ಸೀಮೆಯ ವಿಷಯ. ೧೯೪೮ರ ವರೆಗೆ ಈ ಸೀಮೆಯು ನಿಜಾಮರ ಆಳಿಕೆಗೆ ಒಳಪಟ್ಟಿದ್ದು, ವೈದ್ಯವನ್ನು ಕಲಿಯಬೇಕೆಂಬ ಹುಡುಗನಿಗೆ ಹೈದರಾಬಾದೇ ಗತಿಯಾಗಿತ್ತು. ಅಲ್ಲಿಯ ವೈದ್ಯಶಾಲೆಯು ೧೮೪೬ರದು. ಮನೆಯ ಮಾತು ಕನ್ನಡ, ಶಾಲೆಯ ಮಾತು ಉರ್ದು, ಶಾಸ್ತ್ರದ ಮಾತು ಇಂಗ್ಲೀಷು ಎಂಬ ಮೂರು ಹೊಳೆಗಳನ್ನು ದಾಟಿ ಹೋದವರು ಬೆರಳೆಣಿಕೆಯವರು. ೧೯೫೬ರಲ್ಲಿ ಕನ್ನಡನಾಡು ಒಂದಾದ ಮೇಲೆ ೧೯೫೮ರಲ್ಲಿ ಶ್ರೀ ಮಹದೇವಪ್ಪ ರಾಂಪುರೆಯವರು ಹೈದರಾಬಾದ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ೧೯೬೩ರಲ್ಲಿ ಕಲಬುರಗಿಯಲ್ಲಿ ಆರಂಭವಾದ ವೈದ್ಯಮಹಾವಿದ್ಯಾಲಯವು ಅವರ ಹೆಸರನ್ನೇ ಹೊತ್ತಿರುವದು. ೨೦೧೩ರಲ್ಲಿ ಸರಕಾರದ ವೈದ್ಯಮಹಾವಿದ್ಯಾಲಯವೂ ಅಲ್ಲಿ ಬಂದಿತು. ಹೀಗೆ ವೈದ್ಯನಾಗುವದಕ್ಕೆ ಆಳಂದದ ಹುಡುಗಿಯು ಇಂದು ಜಿಲ್ಲೆಯನ್ನು ಬಿಡಬೇಕಾಗಿಲ್ಲ.

ಆದರೆ ಮೇಲೆ ಹೇಳಿದ ಎರಡು ವರುಷಗಳ ಗುರುಕುಲವಾಸಕ್ಕೆ ಹೈದರಾಬಾದು, ಮಧುರೆ, ಚೆನ್ನೈ, ಬೆಂಗಳೂರುಗಳ ಕಡೆಗೆ ಮುಖ ಮಾಡುವದೇ ರೂಢಿ. ಹೋದವರು ಅಲ್ಲಿಯೇ ನಿಲ್ಲುವ ಸಂಭವವೂ ಹೆಚ್ಚು. ಅವರನ್ನು ದೂಷಿಸಿ ಫಲವಿಲ್ಲ. ಪಟಲಶಸ್ತ್ರದ ಯಂತ್ರಗಳು ಬಹು ಬೆಲೆಯವು, ಅವನ್ನು ನಡೆಸುವ ನುರಿತ ಸಹಾಯಕರು ಬೇಕು, ಯಂತ್ರವಿಲ್ಲದೆ ಒಂದು ವರುಷ ಕುಳಿತರೆ ಕಲಿತ ಕೈ ಮರೆಯುವದು. ತಾಲೂಕಿನ ಊರಿನಲ್ಲಿ ಒಬ್ಬ ಪಟಲವೈದ್ಯನನ್ನು ಕೂಡಿಸುವದೆಂದರೆ ಒಬ್ಬ ಮನುಷ್ಯನನ್ನು ಕೂಡಿಸುವದಲ್ಲ, ಒಂದು ಶಾಲೆಯನ್ನೇ ಕೂಡಿಸುವದು. ಆದ್ದರಿಂದ ಭೀಮೆಯ ದಂಡೆಯ ರೋಗಿಯು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹುಬ್ಬಳ್ಳಿಗೋ ಗಂಟು ಕಟ್ಟುವನು. ಒಂದು ಸಲದ ಪ್ರಯಾಣವಾದರೆ ಹೇಗೋ ಸಾಗೀತು. ೨೦೦೫-೦೬ರಿಂದೀಚೆಗೆ ಪಟಲದ ಬಾವನ್ನು ಇಳಿಸಲು ಕಣ್ಣಿನೊಳಗೆ ಕೊಡುವ ಸೂಜಿಮದ್ದುಗಳು ಬಂದಿರುವವು. ಅವುಗಳ ಗುಣವು ಅದ್ಭುತವೇ ಸರಿ, ಆದರೆ ಹಲವು ತಿಂಗಳು ಬಿಡದೆ ಕೊಡಬೇಕು. ತೊಗರಿ ಕೊಯ್ಯುವ ಕಾಲಕ್ಕೆ ಬಂದ ಸರದಿಯನ್ನು ಅಫಜಲಪುರದ ಒಕ್ಕಲಿಗನು ತಪ್ಪಿಸುವನು. ಕೂಲಿಯವನಿಗೆ ಸಂಗಡ ಬರುವ ಮಗನ ಎರಡು ದಿನದ ಕೂಲಿಯೂ ಹೋಗುವದು. "ಮೊದಲಿನ ಸೂಜಿಯಿಂದಲೇ ಚಲೋ ಕಾಣಸ್ತದ" ಎಂದು ಸುಮ್ಮನಾಗುವರು. ಮುಂದೆ ಕಾಣದಾದಾಗ ಮದ್ದೇ ಸುಳ್ಳೆಂದು ಊರೆಲ್ಲ ಸುದ್ದಿಯಾಗುವದು.

ಈ ಕೊರತೆಗೆ ಒಂದು ಹಾದಿಯನ್ನು ತೋರಿಸಿದುದು ಮುದುಕರ ಕಣ್ಣಲ್ಲ, ಹಸುಗೂಸುಗಳ ಕಣ್ಣು ಎಂಬುದು ವಿಚಿತ್ರವಾದರೂ ನಿಜ. ದಿನ ತುಂಬದೆ ಹುಟ್ಟಿದ ಕೂಸಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಂಚಿನ ವರೆಗೆ ಬೆಳೆದಿರುವದಿಲ್ಲ. ಉಸಿರಿಗೆಂದು ಕೊಟ್ಟ ಆಮ್ಲಜನಕವು ಮಿತಿಮೀರಿದರೆ ಅವು ಅಡ್ಡಾದಿಡ್ಡಿಯಾಗಿ ಬೆಳೆದು ಪಟಲವನ್ನು ಎಳೆದು ಕಳಚುವವು. ಈ ರೋಗವನ್ನು ೧೯೪೨ರಲ್ಲಿ ಬೋಸ್ಟನ್ನಿನ ಟೆರಿಯು ವರ್ಣಿಸಿದನು. ಆಮ್ಲಜನಕದ ಮೇಲಣ ಸಂಶಯವನ್ನು ೧೯೫೧ರಲ್ಲಿ ಆಸ್ಟ್ರೇಲಿಯದ ಕೇಟ್ ಕ್ಯಾಂಪ್‌ಬೆಲ್ ಎಂಬ ವೈದ್ಯೆಯು ಎತ್ತಿದಳು. ಮೊದಲು ಇಂಥ ಕೂಸುಗಳು ನಮ್ಮ ಜಿಲ್ಲೆಗಳಲ್ಲಿ ಬದುಕುವದೇ ಅಪರೂಪವಾಗಿತ್ತು. ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ಕೋಣೆಗಳಾದ ಮೇಲೆ ಅವು ಬದುಕಿದವು, ಬದುಕಿದ್ದರಿಂದಲೇ ಕುರುಡಾಗುವ ಭಯವೂ ಬಂದಿತು.

೨೦೦೮ರಲ್ಲಿ ನಾರಾಯಣ ನೇತ್ರಾಲಯದ ಡಾ॥ ಆನಂದ ವಿನೇಕರರು 'ಕಿಡ್‌ರಾಪ್' ಎಂಬ ಯೋಜನೆಯನ್ನು ಆರಂಭಿಸಿದರು. ವೈದ್ಯರಲ್ಲದ, ಆದರೆ ಚೆನ್ನಾಗಿ ತರಬೇತಿ ಹೊಂದಿದ ತಂತ್ರಜ್ಞರು ಕ್ಯಾಮರಾವನ್ನು ವಾಹನದಲ್ಲಿಟ್ಟುಕೊಂಡು ಊರಿಂದೂರಿಗೆ ಸರದಿಯ ಮೇಲೆ ಹೋಗಿ ಶಿಶುಗಳ ಪಟಲದ ಚಿತ್ರ ತೆಗೆಯುವರು. ಚಿತ್ರವು ತಂತಿಯಿಲ್ಲದ ದಾರಿಯಿಂದ ಬೆಂಗಳೂರಿನ ಪಟಲವೈದ್ಯನ ಮುಂದೆ ಬರುವದು. ರಾಜ್ಯ ಸರಕಾರದ ಸಹಭಾಗದಿಂದ ಇದು ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಹಬ್ಬಿತು. ಹತ್ತೂವರೆ ವರುಷ ಕಲಿತವನ ಕಣ್ಣನ್ನು ಊರೂರಿಗೆ ಒಯ್ಯುವ ಉಪಾಯವಿದು. ಮೋದಿಯವರು ಶಸ್ತ್ರಶಾಲೆಯನ್ನು ಹೇಗೆ ಒಯ್ದರೋ ಹಾಗೆಯೇ ಇವರು ನೋಟವನ್ನು ಒಯ್ದರು. ಸಕ್ಕರೆ ರೋಗಿಗಳ ಪಟಲದ ಚಿತ್ರವನ್ನೂ ಇದೇ ರೀತಿಯಾಗಿ ತಾಲೂಕಿನ ದವಾಖಾನೆಯಲ್ಲಿ ವರುಷಕ್ಕೊಮ್ಮೆ ತೆಗೆದರೆ, ಯಾರು ಹೈದರಾಬಾದಿನ ದಾರಿ ಹಿಡಿಯಬೇಕು, ಯಾರು ಮನೆಯಲ್ಲಿರಬಹುದು ಎಂಬುದು ಕಣ್ಣು ಹೋಗುವ ಮೊದಲೇ ಗೊತ್ತಾಗುವದು. ಚಿತ್ರವು ಚಿಕಿತ್ಸೆಯಲ್ಲ, ಲೇಸರು ಹಿಡಿಯುವ ಕೈ ಎಲ್ಲಿಯಾದರೂ ಹತ್ತಿರದಲ್ಲಿ ಇರಲೇಬೇಕು. ಕಲಬುರಗಿಯ ವೈದ್ಯಶಾಲೆಗಳಲ್ಲಿ ಎಂ. ಎಸ್. ಮುಗಿಸಿದ ಈ ಸೀಮೆಯ ತರುಣರಲ್ಲಿ ಕೆಲವರನ್ನಾದರೂ, ಮರಳಿ ಬರುವ ಕರಾರಿನ ಮೇಲೆ ವಿದ್ಯಾರ್ಥಿವೇತನವನ್ನಿತ್ತು ಆ ಗುರುಕುಲಗಳಿಗೆ ಕಳಿಸುವದು ಅನ್ನದಾಸೋಹಕ್ಕೆ ಒಗ್ಗಿದ ಸಂಸ್ಥೆಗಳಿಗೆ ಅಸಾಧ್ಯವಾದ ಭಾರವೇನಲ್ಲ.

೩೪ ವಾರ ತುಂಬುವ ಮೊದಲೇ ಹುಟ್ಟಿದ, ಇಲ್ಲವೆ ೨೦೦೦ ಗ್ರಾಮಿಗಿಂತ ಕಡಿಮೆ ತೂಗುವ ಪ್ರತಿಯೊಂದು ಕೂಸಿನ ಕಣ್ಣನ್ನು ಹುಟ್ಟಿದ ಮೂವತ್ತು ದಿನಗಳೊಳಗೆ ನೋಡಬೇಕೆಂಬುದು ಈ ದೇಶದ ವೈದ್ಯರು ಹಾಕಿಕೊಂಡ ನಿಯಮ. ಅತಿ ಸಣ್ಣ ಕೂಸುಗಳಿಗೆ ಎರಡು ಮೂರು ವಾರಗಳಲ್ಲಿಯೇ ಆಗಬೇಕು. ರೋಗವು ಲೇಸರಿನ ಹಂತಕ್ಕೆ ಬಂದುದು ಕಂಡರೆ ಚಿಕಿತ್ಸೆಗೆ ಉಳಿಯುವ ವೇಳೆಯು ಎರಡು ಅಥವಾ ಮೂರು ದಿನ. ಜೇವರ್ಗಿಯ ಬಾಣಂತಿಯು ಕೂಸನ್ನೆತ್ತಿಕೊಂಡು ತವರಿಗೆ ಹೋಗಿ ಕುಳಿತಿರುವದು ಸಾಮಾನ್ಯವಾಗಿ ಆ ದಿನಗಳಲ್ಲಿಯೇ.